ನಲವತ್ತೊಂದನೇ ವಿವರಣೆ

ಕಂತು ಒಂಬತ್ತು

"ಮೊದ್ಲು ಓದಿ. ಸೈನು ಆಮೇಲೆ," ಅಂದರು ಪಾರ್ವತಮ್ಮ.

ಅವರ ಕೈಲಿ ಒಂದು ಇನ್‌ಲ್ಯಾಂಡ್ ಲೆಟರು. ನನ್ನ ಕೈಲಿ ನಾಗಮಂಗಲದ ಹುಡುಗ ಚೈತನ್ಯನ ಮೇಲೆ ಎರಡು ವಾರದ ಹಿಂದೆ ನಾನೇ ಬರೆದುಕೊಟ್ಟ ಕಳ್ಳತನದ ದೂರಿನ ನಕಲು, ಅವರು ಆಗಲೇ ಓದಿ ವಾಪಸ್ ಕೊಟ್ಟದ್ದು. ಸಾಕ್ಷಿ ಅಂತ ಅವರದೂ ಒಂದು ಸೈನು ಹಾಕಿಸಿಕೊಂಡು ಹೋಗೋಣ ಅಂತ ಬೆಳಗೊಳದಿಂದ ಮೂರು ಬಸ್ಸು ಬದಲಾಯಿಸಿ ಕಿಕ್ಕೇರಿಗೆ ಬಂದಿದ್ದೆ.

"ಓದೋದೇನದೆ ಅಮ್ಮ? ವಿಷ್ಯ ನಿಮಗೆ ಗೊತ್ತಲ್ಲ."

"ನಂಗೆ ಗೊತ್ತು. ನಿಮಗೆ ಗೊತ್ತಾ ಅಂತ್ಲೇ ಅನುಮಾನ."

ಮೂವತ್ತೊಂದು ವರ್ಷ ಪೊಲೀಸ್ ಕೆಲಸ ಮಾಡಿ ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರಾದ ಈ ಕರಿಯಪ್ಪನ ಹತ್ತಿರ ಯಾರೂ ಹಂಗೆ ಮಾತಾಡಲ್ಲ. ಪಾರ್ವತಮ್ಮ ಮಾತ್ರ ಯಾವಾಗಲೂ ಹಂಗೇ. ಹಾಲಿನ ಸೊಸೈಟಿ ಸೆಕ್ರೆಟರಿ ಅವರು. ನೀರು ಬೆರೆಸಿದ ಹಾಲನ್ನ ತಂದೋನ ಕಣ್ಣೆದುರಿಗೇ ಚರಂಡಿಗೆ ಚೆಲ್ಲೋ ಹೆಂಗಸು.

ಕನ್ನಡಕ ಹಾಕಿಕೊಂಡು ಓದಿದೆ. ಶಿವಲಿಂಗಯ್ಯ ಮೇಷ್ಟ್ರ ದುಂಡು ಅಕ್ಷರ.

'ವಿವರಣೆ ೪೧. ಕೇಳಿದವರು: ಚೈತನ್ಯ, ನಾಗಮಂಗಲ. ಪ್ರಶ್ನೆ: ಕಂಚಿನ ಕವಚ ತೊಟ್ಟ ವೀರನು ಕಾಲಿಗೆ ಮರದ ಪಾದುಕೆ ಮೆಟ್ಟಿದ್ದರೆ ಮಿಂಚುಗೋಲು ಹಿಡಿಯಬಹುದೇ? ಉತ್ತರ: ಹಿಡಿಯಬಹುದು. ಒಣಮರದಲ್ಲಿ ಮಿಂಚು ಹರಿಯದು. ಆದರೆ ಒಂದು ಕಾಳಗಕ್ಕೆ ಒಂದೇ ಸಲ. ಅಷ್ಟರಲ್ಲಿ ಪಾದುಕೆ ಸೀದುಹೋಗುತ್ತದೆ.'

ಲೆಟರು ತಿರುಗಿಸಿದೆ. ಅಂಚೆ ಮುದ್ರೆ ಸ್ಪಷ್ಟವಾಗಿತ್ತು. ಹದಿನೆಂಟು ಜೂನ್ ತೊಂಬತ್ತಾರು. ಆ ತಾರೀಖನ್ನ ಮತ್ತೆ ಮತ್ತೆ ಓದಿದೆ.

ಏಕೆ ಅಂತ ಹೇಳ್ತೀನಿ. ಶಿವಲಿಂಗಯ್ಯ ಮೇಷ್ಟ್ರು ಪಾಂಡವಪುರದಲ್ಲಿ ವಿಜ್ಞಾನ ಹೇಳಿ ರಿಟೈರಾದೋರು. 'ಏಳು ಚಂದ್ರರ ಕೋಟೆ' ಅನ್ನೋ ಆಟ ಕಟ್ಟಿದ್ದು ಅವರೇ. ಮೇಜಿನ ಮೇಲೆ ಒಂದು ನಕ್ಷೆ, ಎರಡು ದಾಳ, ಆಡೋ ಒಬ್ಬೊಬ್ಬರಿಗೂ ಒಬ್ಬೊಬ್ಬ ವೀರ. ಅದರಲ್ಲಿ ಯಂತ್ರಾನೂ ಇದೆ, ಮಂತ್ರಾನೂ ಇದೆ. ಗಗನನೌಕೆ ಇಳಿದ ಜಾಗದಲ್ಲೇ ಬೇತಾಳ ಅಡ್ಡ ಬರ್ತದೆ. ಮೀಸೆ ಬಂದೋರು ಆಡೋ ಆಟವಾ ಇದು ಅಂತ ನಗೋರಿಗೆ ಉತ್ತರ ಕೊಡೋದನ್ನ ನಾನು ಬಿಟ್ಟು ಬಹಳ ದಿನ ಆಯ್ತು.

ನಿಯಮ ಎಲ್ಲಾ ಇರೋದು ಕೆಂಪು ರಟ್ಟಿನ ಒಂದೇ ಒಂದು ಪುಸ್ತಕದಲ್ಲಿ. ಆಯುಧದ ಬಗ್ಗೆನೋ ಕಾಳಗದ ಬಗ್ಗೆನೋ ಯಾರಿಗಾದರೂ ಅನುಮಾನ ಬಂದರೆ ಕಾರ್ಡು ಬರೀಬೇಕು. ಮೇಷ್ಟ್ರು ಉತ್ತರಾನ ಪುಸ್ತಕಕ್ಕೆ ಸೇರಿಸಿ, ನಾಲ್ಕು ಪ್ರತಿ ಬರೆದು ನಾಲ್ಕು ತಾಲ್ಲೂಕಿಗೂ ಕಳಿಸೋರು. ಶ್ರೀರಂಗಪಟ್ಟಣಕ್ಕೆ ನಾನು, ಪಾಂಡವಪುರಕ್ಕೆ ಚಿನಕುರಳಿ ಲೋಕೇಶ, ಕೆ.ಆರ್. ಪೇಟೆಗೆ ಪಾರ್ವತಮ್ಮ, ನಾಗಮಂಗಲಕ್ಕೆ ಚೈತನ್ಯ. ಬಂದ ಕಾಗದಾನ ಅಂಗಡಿಯೋರು ಚೀಟಿ ಚುಚ್ಚಿಡೋ ಚೂಪು ತಂತಿಗೆ ಚುಚ್ಚಿಡೋದು ನಮ್ಮ ಪದ್ಧತಿ. ಹಳೇದು ತಳಕ್ಕೆ, ಹೊಸದು ಮೇಲಕ್ಕೆ.

ಎರಡು ವಾರದ ಹಿಂದೆ ಮೇಷ್ಟ್ರ ಮನೇಲಿ ನಡೆದ ಫೈನಲ್ ದಿನ ಲೋಕೇಶನ ಎದುರು ಚೈತನ್ಯ ಕಂಚಿನ ಕವಚ ತೊಟ್ಟೇ ಮಿಂಚುಗೋಲು ಬೀಸಿದ. ಮೂಲ ನಿಯಮದ ಪ್ರಕಾರ ಅದು ಆಗೋ ಹಂಗಿಲ್ಲ, ಮಿಂಚು ಕವಚ ತೊಟ್ಟೋನನ್ನೇ ಸುಡ್ತದೆ. ಚೈತನ್ಯ ನಲವತ್ತೊಂದನೇ ವಿವರಣೆ ತೆಗೆದು ತೋರಿಸಿದ. ಅದಕ್ಕೆ ಅಂಚೆ ಮುದ್ರೆ ಇರಲಿಲ್ಲ. ಮೇಷ್ಟ್ರು ಕೈಯಾರೆ ಕೊಟ್ಟರು ಅಂದ. ಲೋಕೇಶ, ನನಗೆ ಅಂಥದ್ದು ಬಂದಿಲ್ಲ ಅಂದ. ತೀರ್ಪುಗಾರ ನಾನು. ನನಗೂ ಬಂದಿಲ್ಲ ಅಂದೆ.

ಪುಸ್ತಕ ನೋಡೋಣ ಅಂತ ಬೀರು ತೆಗೆದರೆ ಪುಸ್ತಕವೇ ಇಲ್ಲ. ಹಿಂದಿನ ರಾತ್ರಿ ಆ ಮನೇಲಿ ಮಲಗಿದ್ದ ಹೊರಗಿನೋನು ಚೈತನ್ಯ ಒಬ್ಬನೇ. ಕಳ್ಳ ಕಾಗದ ಬಯಲಾಗಬಾರದು ಅಂತ ಪುಸ್ತಕಾನ ಎತ್ತಿದಾನೆ ಅಂತ ನಾನು ಲೆಕ್ಕ ಹಾಕಿದೆ. ಮೇಷ್ಟ್ರನ್ನ ಕೇಳೋಣ ಅಂದರೆ ಜುಲೈಲಿ ಲಕ್ವ ಹೊಡೆದು ಅವರ ಮಾತು ನಿಂತುಹೋಗಿತ್ತು. ಕುರ್ಚೀಲಿ ಕೂತು ಕಣ್ಣಲ್ಲಿ ನೀರು ಸುರಿಸ್ತಾ ಎಡಗೈ ಎತ್ತಿ ನನ್ನ ಕಡೆ ತೋರಿಸಿದರು. ಒಂದು ಸಲ ಅಲ್ಲ, ಮೂರು ಸಲ. ನೀನೇ ತೀರ್ಪು ಕೊಡು ಅಂತಾವ್ರೆ ಅಂದುಕೊಂಡೆ. ಎದ್ದು ಹೋಗಿ ಹುಡುಗನ ಕೆನ್ನೆಗೆ ಬಾರಿಸಿದೆ.

ಈ ಆಟದ ಕಾಳಗದಲ್ಲಿ ಆರನೇ ನಿಯಮ ಒಂದಿದೆ. ಏಟು ಹಾಕೋಕೆ ಮುಂಚೆ ಎದುರಾಳಿಗೆ ಒಂದು ಮಾತಿನ ಸರದಿ ಕೊಡಬೇಕು. ಅವನು ಮಾತಾಡಿದ ಮೇಲೇ ದಾಳ ಎಸೀಬೇಕು. ಹನ್ನೊಂದು ವರ್ಷ ಆ ನಿಯಮಾನ ಮಂದಿಗೆ ಹೇಳಿಕೊಟ್ಟೋನು ನಾನು. ಚೈತನ್ಯನಿಗೆ ನಾನು ಸರದಿ ಕೊಡಲಿಲ್ಲ.

"ಇದನ್ನ ನೀವು ಇಷ್ಟು ದಿನ ಹೇಳಲಿಲ್ವಲ್ಲಮ್ಮ," ಅಂದೆ. ದನಿ ಏರಿತ್ತು. ತಪ್ಪು ನನ್ನದಿದ್ದಾಗ ದನಿ ಏರೋದು ನನ್ನ ಹಳೇ ಚಾಳಿ.

"ನಮ್ಮ ಹಸ ಈಯೋದಿತ್ತು, ನಾನು ಫೈನಲ್‌ಗೆ ಬರ್ಲಿಲ್ಲ. ಹುಡುಗ ಪುಸ್ತಕ ಕದ್ದ ಅಂತ ಹೇಳಿ ಕಳಿಸುದ್ರಿ. ಪಾದುಕೆ ಜಗಳ ಅಂತ ಯಾರು ಹೇಳುದ್ರು ನಂಗೆ? ಇವತ್ತು ನಿಮ್ಮ ದೂರು ಓದ್ದಾಗ್ಲೇ ಗೊತ್ತಾಗಿದ್ದು."

ಅವರು ಮೇಲಿದ್ದ ನಲವತ್ತೆರಡು, ನಲವತ್ಮೂರನ್ನ ತೆಗೆದು ಪಕ್ಕಕ್ಕೆ ಇಟ್ಟಿದ್ದರು. ಈಗ ನಲವತ್ತೊಂದನ್ನ ಇಳಿಸಿ, ಅವೆರಡನ್ನೂ ಒಂದೊಂದಾಗಿ ತಂತಿಗೆ ಚುಚ್ಚಿದರು. ಹಳೇ ತೂತಿಗೆ ಸರಿಯಾಗಿ ಬೀಳಲಿಲ್ಲ. ಎರಡು ಕಾಗದಕ್ಕೂ ಇನ್ನೊಂದು ತೂತು ಬಿತ್ತು. ಅದನ್ನ ನನ್ನ ಪೊಲೀಸ್ ಕಣ್ಣು ನೋಡಿಕೊಂಡಿತು.

"ನಾಕು ಪ್ರತೀಲಿ ನಂಗೆ ಬಂದದ್ದು ನಿಮಗೆ ಬರ್ದೇ ಇರ್ತದಾ? ನಿಮ್ಮ ತಂತಿ ನೋಡುದ್ರಾ?"

"ನೋಡಿದೆ," ಅಂದೆ. ನೋಡಿರಲಿಲ್ಲ.

ಪಾರ್ವತಮ್ಮ ಒಂದು ಲೋಟ ಮಜ್ಜಿಗೆ ತಂದಿಟ್ಟರು. ಸೈನು ಹಾಕಲಿಲ್ಲ. "ಆ ಹುಡ್ಗನಿಗೆ ಲೈನ್‌ಮ್ಯಾನ್ ಆರ್ಡರ್ ಬಂದದೆ. ಪೊಲೀಸ್ ವೆರಿಫಿಕೇಶನ್ನು ಸೋಮವಾರ ಹೋಗ್ಬೇಕಂತೆ. ಅವನ ಮನೇಲಿ ಸಂಬಳ ಅಂತ ಕಂಡೋರು ಯಾರೂ ಇಲ್ಲ ಕರಿಯಪ್ಪನೋರೆ."

ಅದು ನನಗೂ ಗೊತ್ತಿತ್ತು. ಠಾಣೆ ಸಬ್ ಇನ್‌ಸ್ಪೆಕ್ಟರು ನನ್ನ ಮುಖ ನೋಡಿ ದೂರನ್ನ ಇನ್ನೂ ರಿಜಿಸ್ಟರ್ ಮಾಡಿರಲಿಲ್ಲ. ಇವತ್ತು ಶನಿವಾರ ಸಂಜೆ ಆರು ಗಂಟೆ ಒಳಗೆ ಬೇಕೋ ಬೇಡವೋ ಹೇಳಿ ಅಂದಿದ್ದರು. ದೂರು ರಿಜಿಸ್ಟರ್ ಆದರೆ ಹುಡುಗನ ಕೆಲಸ ಹೋಯ್ತು. ಮಜ್ಜಿಗೆ ಲೋಟ ಅಲ್ಲೇ ಇಟ್ಟು ಎದ್ದೆ.

ಚಿನಕುರಳೀಲಿ ಇಳಿದಾಗ ಮಧ್ಯಾಹ್ನ ಎರಡೂವರೆ. ಕಲ್ಲು ಕ್ವಾರಿ ತೂಕದ ಆಫೀಸಲ್ಲಿ ಲೋಕೇಶ ಊಟದ ಡಬ್ಬಿ ತೊಳೀತಿದ್ದ. ಎದುರಿಗೆ ಜಲ್ಲಿ ತುಂಬಿದ ಎರಡು ಟ್ರಾಕ್ಟರು.

"ಬಾ ಮಾವ. ಸೈನು ಆಯ್ತಾ?"

"ತಂತಿ ಎಲ್ಲಲಾ?"

"ಯಾವ ತಂತಿ?"

"ಮೇಷ್ಟ್ರ ಕಾಗ್ದದ ತಂತಿ. ತೋರ್ಸು."

ಅವನು ಕೈ ಒರೆಸಿಕೊಂಡು ಗೋಡೆ ಕಡೆ ನೋಡಿದ. ಕ್ಯಾಲೆಂಡರ್ ಪಕ್ಕದಲ್ಲೇ ನೇತಾಡ್ತಿತ್ತು. ಕಲ್ಲಿನ ಧೂಳು ಕೂತು ಬೆಳ್ಳಗಾಗಿತ್ತು. ನಾನೇ ಇಳಿಸಿಕೊಂಡು ಮೇಲಿಂದ ಎಣಿಸಿದೆ. ನಲವತ್ಮೂರು, ನಲವತ್ತೆರಡು, ನಲವತ್ತು.

"ನೋಡ್ದಾ? ಬಂದಿಲ್ಲ ಅಂತ ಅವತ್ತೇ ಏಳ್ಳಿಲ್ವಾ?" ಅಂದ.

"ನಲವತ್ಮೂರಕ್ಕೆ ಎಷ್ಟು ತೂತದೆ ಎಣಿಸು."

ಅವನು ಎಣಿಸಲಿಲ್ಲ.

"ಎರಡು. ನಲವತ್ತೆರಡಕ್ಕೆ?"

ನಾನೇ ಮುಂದಿನ ಕಾಗದ ಎತ್ತಿ ತೋರಿಸಿದೆ.

"ಅದಕ್ಕೂ ಎರಡು. ನಲವತ್ತಕ್ಕೆ ಒಂದೇ. ಅದರ ಕೆಳಗಿರೋವಕ್ಕೆಲ್ಲಾ ಒಂದೊಂದೇ. ಮೇಲಿನ ಎರಡನ್ನ ತೆಗ್ದು, ಕೆಳಗಿಂದ ಒಂದನ್ನ ಎಳ್ಕೊಂಡು, ಮತ್ತೆ ಚುಚ್ಚಿದ್ದೀಯ. ಕಿಕ್ಕೇರೀಲಿ ಪಾರ್ವತಮ್ಮನ ತಂತೀಲಿ ಮುದ್ರೆ ಸಮೇತ ಅದೆ ಕಣ್ಲಾ ನಲವತ್ತೊಂದು. ನನ್ನ ಕಣ್ಣಾರೆ ಓದ್ಕೊಂಡು ಬಂದೆ."

ಟ್ರಾಕ್ಟರಿನೋನು ಚೀಟಿ ಕೇಳೋಕೆ ಬಾಗಿಲಿಗೆ ಬಂದ. ಲೋಕೇಶ ಅವನನ್ನ ಕೈಸನ್ನೇಲಿ ವಾಪಸ್ ಕಳಿಸಿ, ಬೆಂಚಿನ ಮೇಲೆ ಕೂತ. ಸುಳ್ಳು ಹೇಳ್ತಾನೆ ಅಂದುಕೊಂಡಿದ್ದೆ. ಹೇಳಲಿಲ್ಲ.

"ಊಂ. ತೆಗ್ದೆ. ಒಲೆಗೆ ಆಕ್ದೆ."

"ಯಾಕಲಾ?"

"ಗೆಲ್ಬೇಕಿತ್ತು. ಫೈನಲ್ ಗೆದ್ದೋನೇ ಮುಂದಕ್ಕೆ ಪುಸ್ತಕ ಮಡೀಕಳೋದು ಅಂತ ಮೇಷ್ಟ್ರೇ ಏಳಿದ್ರು. ಕ್ವಾರೀಲಿ ಜಲ್ಲಿ ತೂಗಿ ತೂಗಿ ಸಾಕಾಗದೆ ಮಾವ. ಒಂದ್ಸಲ ನಮ್ಮತ್ರ ನಾಕು ಜನ ಬಂದು ಇದು ಎಂಗೆ ಅದು ಎಂಗೆ ಅಂತ ಕೇಳ್ಲಿ ಅನ್ನಿಸ್ತು. ಆಟದಲ್ಲಿ ಮೋಸ ಅಷ್ಟೇ. ಅವನನ್ನ ಕಳ್ಳ ಅಂತ ನಾನು ಅನ್ನಲಿಲ್ಲ."

"ನಾನು ಹೊಡೀಬೇಕಾದ್ರೆ ಬಾಯಿ ಮುಚ್ಕೊಂಡು ನಿಂತಿದ್ದೆಯಲ್ಲ."

ಆಗ ಅವನು ತಲೆ ಎತ್ತಿ ನನ್ನ ಮುಖ ನೋಡಿದ. "ನೀನೂ ಬಂದಿಲ್ಲ ಅಂದ್ಯಲ್ಲ ಮಾವ. ನಿಂಗೆ ಬಂದೇ ಇರ್ತದೆ ಅಂತ ನಂಗೊತ್ತು. ನನ್ನ ಕಡೆ ನೋಡ್ಕೊಂಡು ಬಂದಿಲ್ಲ ಅಂದೆ. ನಾನು ನಿಮ್ಮಕ್ಕನ ಮಗ ಅಂತ ಕೈ ಹಿಡೀತಾವ್ನೆ ಅನ್ಕಂಡೆ."

ನಾನು ತಂತೀನ ಮತ್ತೆ ಗೋಡೆಗೆ ನೇತುಹಾಕಿದೆ.

"ಅಂಗಲ್ವಾ?" ಅಂದ. "ಅಂಗಲ್ದಿದ್ರೆ ನಿನ್ನ ನಲವತ್ತೊಂದು ಎಲ್ಲದೆ? ನನ್ನ ತಂತಿ ಎಣಿಸ್ದೆ. ನಿಂದು ಎಣಿಸಿದ್ದೀಯಾ?"

ಕಿಕ್ಕೇರೀಲಿ ಒಂದು ಸುಳ್ಳು ಹೇಳಿದ್ದೆ. ಇಲ್ಲಿ ಇನ್ನೊಂದು ಹೇಳೋ ಶಕ್ತಿ ಇರಲಿಲ್ಲ. ನನ್ನ ಅಕ್ಕನ ಮಗ ಕದ್ದು ಕಾಗದ ಸುಟ್ಟೋನು, ಅವನು ನನ್ನನ್ನ ತನ್ನ ಜೊತೆಗಾರ ಅಂತ ಎರಡು ವಾರದಿಂದ ತಿಳಿದುಕೊಂಡಿದ್ದಾನೆ. ನಾನು ಇಸ್ತ್ರಿ ಪಂಚೆ ಉಟ್ಟುಕೊಂಡು ಸೈನು ಹಾಕಿಸ್ತಾ ಊರೂರು ತಿರುಗ್ತಿದ್ದೀನಿ. 

"ಪುಸ್ತಕ ಎಲ್ಲಲಾ?" ಅಂತ ಕೊನೇದಾಗಿ ಕೇಳಿದೆ.

"ನಮ್ಮವ್ವನಾಣೆ ಮಾವ, ಪುಸ್ತಕ ನಾ ಮುಟ್ಟಿಲ್ಲ. ಅದು ಸಿಗಬಾರ್ದು ಅಂತ ಆಸೆ ಇತ್ತು, ಅದು ನಿಜ. ಆದ್ರೆ ನಾನು ಬೀರು ಅತ್ರಕ್ಕೂ ಓಗ್ಲಿಲ್ಲ."

ಮೂವತ್ತೊಂದು ವರ್ಷದಲ್ಲಿ ಸುಳ್ಳು ಆಣೆ ಬೇಕಾದಷ್ಟು ಕೇಳಿದ್ದೀನಿ. ಇದು ಹಂಗೆ ಕೇಳಿಸಲಿಲ್ಲ.

"ಆರು ಗಂಟೆ ಒಳಗೆ ಠಾಣೆಗೆ ಬಂದು ನಿಂತ್ಕೊ. ಕಾಗ್ದ ಸುಟ್ಟಿದ್ದನ್ನ ಬಾಯಲ್ಲಿ ಹೇಳು," ಅಂದೆ.

"ನೀನು ಬತ್ತೀಯಾ?"

"ಬರ್ತೀನಿ," ಅಂತ ಹೇಳಿ ಬಸ್ಸು ಹತ್ತಿದೆ.

ಬೆಳಗೊಳದ ಮನೆ ತಲುಪಿದಾಗ ನಾಲ್ಕೂಕಾಲು. ನನ್ನ ಹೆಂಡತಿ ಚಿಕ್ಕಬೋರಮ್ಮ ಜಗಲೀಲಿ ಅವರೆಕಾಯಿ ಬಿಡಿಸ್ತಾ ಕೂತಿದ್ದಳು. ಚಪ್ಪಲಿ ಬಿಡದೇ ಒಳಗೆ ಹೋದೆ. ಕರೆಂಟ್ ಮೀಟರ್ ಪಕ್ಕದಲ್ಲಿ ನಮ್ಮ ಮನೆ ತಂತಿ. ಮೇಷ್ಟ್ರ ಕಾಗದ, ಕರೆಂಟ್ ಚೀಟಿ, ಮದುವೆ ಕರೆಯೋಲೆ ಎಲ್ಲಾ ಒಟ್ಟಿಗೆ ಚುಚ್ಚಿದ್ದಾಳೆ. ತೀರ್ಪುಗಾರನ ಮನೆ ತಂತಿ ಇದು.

ಒಂದೊಂದೇ ತೆಗೆದೆ. ನಲವತ್ಮೂರು. ಒಂದು ಗೃಹಪ್ರವೇಶದ ಕಾರ್ಡು. ನಲವತ್ತೆರಡು. ಆಮೇಲೆ ಒಂದು ನೀಲಿ ಇನ್‌ಲ್ಯಾಂಡು. ಮೂರು ಕಡೆ ಅಂಟು ಹಂಗೇ ಇತ್ತು. ಒಡೆದೇ ಇರಲಿಲ್ಲ. ನಡುವೆ ತೂತು ಬಿದ್ದಿತ್ತು, ತೂತಿನ ಸುತ್ತ ತುಕ್ಕು. ಹದಿನೆಂಟು ಜೂನ್.

"ಇದು ಯಾವಾಗ ಬಂತು?" ಅಂತ ಕೂಗಿದೆ.

ಅವಳು ಬಾಗಿಲಿಗೆ ಬಂದಳು. "ಆಗ್ಲೇ ಬಂತಲ್ಲ, ಮುಂಗಾರಿನಾಗೆ. ಪೋಸ್ಟು ಬಂದದೆ ಅಂತ ಕೊಡೋಕೆ ಬಂದೆ. ನೀವು ರೇಡಿಯೋ ಕೇಳ್ತಾ ಕೂತಿದ್ರಿ. ಮಡಗು ಅತ್ಲಾಗೆ ಅಂದ್ರಿ. ಚುಚ್ಚಿ ಮಡಗ್ದೆ."

ಅದು ನನ್ನ ಮಾತೇ. ನಾನು ಯಾವಾಗಲೂ ಹಂಗೇ ಅನ್ನೋದು. ಅವಳು ಏನು ತಂದರೂ, ಏನು ಹೇಳಿದರೂ, ತಲೆ ಎತ್ತದೇ, ಮಡಗು ಅತ್ಲಾಗೆ.

ಬೆರಳಲ್ಲೇ ಅಂಟು ಹರಿದೆ. ಮೇಲೆ ಪಾರ್ವತಮ್ಮನ ಕಾಗದದಲ್ಲಿದ್ದ ಅದೇ ಪ್ರಶ್ನೆ, ಅದೇ ಉತ್ತರ. ಕೆಳಗೆ ನನಗೆ ಮಾತ್ರ ಅಂತ ನಾಲ್ಕು ಸಾಲು.

'ಕರಿಯಪ್ಪನವರೇ, ಫೈನಲ್ ಆಡುವವರು ಇಬ್ಬರೂ ನಮ್ಮ ಮನೆಗೆ ಬಂದು ಹೋಗುವ ಹುಡುಗರು. ಪುಸ್ತಕ ನನ್ನ ಬಳಿ ಇರುವುದು ಸರಿಯಲ್ಲ. ತೀರ್ಪು ಹೇಳುವ ನಿಮ್ಮ ಬಳಿ ಇರಲಿ. ನಾಳೆ ಬೆಳಗೊಳದ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತೇನೆ. ಆಟದ ದಿನದವರೆಗೆ ಯಾರಿಗೂ ಹೇಳಬೇಡಿ. ಇನ್ನು ಬರುವ ವಿವರಣೆಗಳನ್ನು ಆಮೇಲೆ ಬರೆದುಕೊಳ್ಳುತ್ತೇನೆ.'

ಮೇಷ್ಟ್ರ ಎಡಗೈ ನೆನಪಾಯ್ತು. ಮೂರು ಸಲ ಎತ್ತಿ ನನ್ನ ಕಡೆ ತೋರಿಸಿದ್ದರು. ತೀರ್ಪು ಕೊಡು ಅಂತ ಅಲ್ಲ. ಪುಸ್ತಕ ಇವನ ಹತ್ರ ಇದೆ ಅಂತ.

"ಕಂಡಕ್ಟರು ಏನಾದ್ರೂ ತಂದುಕೊಟ್ನಾ?" ಅಂದೆ. 

"ಬಟ್ಟೇಲಿ ಒಲ್ದಿದ್ದ ಒಂದು ಕಟ್ಟು. ಅಟ್ಟದ ಮ್ಯಾಲೆ ಅದೆ. ಅದನ್ನೂ ಅಂಗೇ ಅಂದ್ರಿ."

ಏಣಿ ಹಾಕಿಕೊಂಡು ಹತ್ತಿದೆ. ರಾಗಿ ಮೂಟೆ ಹಿಂದೆ ಇತ್ತು. ಕೆಳಗೆ ತಂದು ಜಗಲೀಲಿ ಕೂತು, ಬ್ಲೇಡಲ್ಲಿ ಒಂದು ಕಡೆ ಹೊಲಿಗೆ ಬಿಚ್ಚಿದೆ. ಕೆಂಪು ರಟ್ಟು. ಒಳಗೆ ಮೇಷ್ಟ್ರ ಅಕ್ಷರ, ಒಂದನೇ ನಿಯಮದಿಂದ. ಪುಟ ತಿರುಗಿಸಿ ನೋಡಿದೆ, ನಲವತ್ತೊಂದೂ ಇತ್ತು, ಹಸಿರು ಶಾಯೀಲಿ. ಕಳುವಾಗಿದೆ ಅಂತ ನಾನು ಸರ್ಕಾರಕ್ಕೆ ಬರೆದುಕೊಟ್ಟ ಮಾಲು ನನ್ನ ಮನೆ ಅಟ್ಟದಲ್ಲಿ, ನನ್ನ ರಾಗಿ ಮೂಟೆ ಹಿಂದೆ ಎರಡು ತಿಂಗಳಿಂದ ಕೂತಿತ್ತು.

ಚಿಕ್ಕಬೋರಮ್ಮ ಕಾಗದ ಓದಲಿಲ್ಲ, ಅವಳಿಗೆ ಓದು ಬರಲ್ಲ. ನನ್ನ ಮುಖ ಓದಿದಳು. "ಆ ನಾಗಮಂಗಲದ ಹುಡ್ಗನ್ನ ಒಡುದ್ರಲ್ಲ, ಇದಕ್ಕಾ?" ಅಂದಳು.

ತಲೆ ಆಡಿಸಿದೆ.

"ಓಗಿ ಏಳಿ. ಆರು ಗಂಟೆಗೆ ಇನ್ನೂ ಒತ್ತದೆ."

ಹೇಳ್ತೀನಿ, ಎದ್ದು ಹೋಗ್ತೀನಿ ಅಂದುಕೊಂಡೇ ಪುಸ್ತಕಾನ ಮತ್ತೆ ಬಟ್ಟೇಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡೆ. ಠಾಣೇಲಿ ನಾನು ಹೇಳಬೇಕಾದ ಮಾತನ್ನ ಮನಸ್ಸಲ್ಲೇ ಜೋಡಿಸ್ತಿದ್ದೆ. ಕಳುವಾಗಿಲ್ಲ ಸಾರ್, ನಮ್ಮನೇಲೇ ಇತ್ತು. ನಾಲ್ಕು ಪದ. ಅದನ್ನೇ ಮತ್ತೆ ಮೊದಲಿಂದ ಜೋಡಿಸಿದೆ. ಅಷ್ಟರಲ್ಲಿ ಅಂಗಳದಲ್ಲಿ ಮೋಟರ್ ಬೈಕು ನಿಂತಿತು.

ಕಾನ್‌ಸ್ಟೇಬಲ್ ಚಿಕ್ಕಸ್ವಾಮಿ. ನಾನು ಕೈಹಿಡಿದು ಕೆಲಸ ಕಲಿಸಿದ ಹುಡುಗ. ಇಳಿದವನೇ ಸೆಲ್ಯೂಟ್ ಹೊಡೆದ. "ಗೆದ್ಬುಟ್ರಿ ಸಾರ್," ಅಂದ.

"ಏನ್ ಗೆದ್ದೆ?"

"ನಾಗಮಂಗಲದ ಹುಡ್ಗ ಮಧ್ಯಾಹ್ನ ಠಾಣೆಗೆ ಬಂದು ಒಪ್ಕಂಬುಟ್ಟ. ನಾನೇ ತಗಂಡಿದ್ದು ಅಂತ ಬರ್ದು ಸೈನು ಆಕವ್ನೆ. ಕೆಲ್ಸ ಓಯ್ತದೆ ಕಣಪ್ಪ ಅಂತ ಸಾಹೇಬ್ರು ಎರಡು ಸಲ ಏಳುದ್ರು. ಓಗ್ಲಿ ಸಾರ್ ಅಂದ. ಅವರವ್ವ ಗೇಟತ್ರ ಕೂತವ್ಳೆ, ನೀರೂ ಕುಡ್ದಿಲ್ಲ."

"ತಗಂಡಿದ್ದು ಅಂದ್ನಾ? ಯಾವುದನ್ನ?"

"ಪುಸ್ತಕಾನ ಸಾರ್. ತಂದೂ ಕೊಟ್ಟವ್ನೆ. ಕೆಂಪು ರಟ್ಟು, ಒಳಗೆಲ್ಲಾ ಮೇಷ್ಟ್ರ ಕೈಬರಹ. ಸಾಹೇಬ್ರ ಟೇಬಲ್ ಮ್ಯಾಲೇ ಅದೆ."

ನನ್ನ ಮಡಿಲಿನ ತೂಕ ಒಮ್ಮೆಗೇ ಜಾಸ್ತಿ ಆದ ಹಂಗಾಯ್ತು. ಮೇಷ್ಟ್ರು ಬರೆದದ್ದು ಒಂದೇ ಪುಸ್ತಕ. ಅದು ಇಲ್ಲಿದೆ. ಹಂಗಾದರೆ ಠಾಣೆಗೆ ಅವನು ತಂದುಕೊಟ್ಟದ್ದೇನು? ಮಾಡದೇ ಇರೋ ಕಳ್ಳತನಾನ ಒಪ್ಪಿಕೊಂಡು, ಬಂದ ಕೆಲಸಾನ ಕಳೆದುಕೊಳ್ಳೋಕೆ ಆ ಹುಡುಗ ಯಾರಿಗೋಸ್ಕರ ಮುಂದಾದ?

"ಇದೇ ಪುಸ್ತಕ ಅಂತ ನೀವು ಗುರ್ತು ಇಡ್ದು ಒಂದು ಸೈನು ಆಕ್ಬುಟ್ರೆ ಮುಗೀತು ಸಾರ್," ಅಂದ ಚಿಕ್ಕಸ್ವಾಮಿ. "ಸಾಹೇಬ್ರು ಕಾಯ್ತಾವ್ರೆ. ನಿಮ್ಮ ಮಾತಿಗೆ ಎದುರು ಮಾತಿಲ್ಲ."

ಒಂದು ಸೈನು. ಅದು ಬಿದ್ದರೆ ಈ ಅಟ್ಟದ ವಿಷಯ ಯಾರಿಗೂ ಗೊತ್ತಾಗಲ್ಲ. ಮೇಷ್ಟ್ರಿಗೆ ಮಾತಿಲ್ಲ. ಲೋಕೇಶ ಬಾಯಿ ಬಿಡೋದು ನಾನು ಬಿಟ್ಟರೆ ಮಾತ್ರ. ಇಂಥ ಯೋಚನೆ ನನ್ನ ತಲೇಲಿ ಇಷ್ಟು ಬೇಗ ಬರ್ತದೆ ಅಂತ ನನಗೇ ಗೊತ್ತಿರಲಿಲ್ಲ.

ಚಿಕ್ಕಸ್ವಾಮಿ ಬಾಗಿ ನೋಡಿದ. "ಅದೇನು ಸಾರ್ ಮಡ್ಲಲ್ಲಿ?"

ನಾನು ಬಾಯಿ ತೆಗೆಯೋ ಹೊತ್ತಿಗೆ ನನ್ನ ಕೈ ಹೆಗಲ ಮೇಲಿನ ಟವಲನ್ನ ಎಳೆದು ಆ ಕಟ್ಟಿನ ಮೇಲೆ ಮುಚ್ಚಿಬಿಟ್ಟಿತ್ತು. ಬಾಗಿಲಲ್ಲಿ ನಿಂತಿದ್ದ ಚಿಕ್ಕಬೋರಮ್ಮ ನನ್ನ ಕೈಯನ್ನೇ ನೋಡ್ತಿದ್ದಳು.